ನಮ್ಮ ಮುತ್ಯಾ ರಜಾಕಾರರ ಗದ್ದಲದಾಗ ಯಾವ ಕಡೆ ಸಿಪಾಯಿ ಇದ್ದ? ಹಿತ್ತಾಳಿ ಬಿಲ್ಲಿ ಸಿಕ್ಕೈತಿ, ಗೊತ್ತಿದ್ದೋರು ಹೇಳ್ರಿ

ಅಳವಂಡಿ ರೋಡ್:
ಎಲ್ಲಾರಿಗೂ ನಮಸ್ಕಾರ್ರಿ. ನಂದು ಕೊಪ್ಪಳ ತಾಲೂಕು, ಅಳವಂಡಿ ಕಡೆ ಒಂದು ಹಳ್ಳಿ, ಕೆಲಸಕ್ಕ ಹೊಸಪೇಟಿಯಾಗ ಇರ್ತೀನಿ. ಮುತ್ಯಾ ಅಂದ್ರ ನಮ್ಮಜ್ಜನ ಅಪ್ಪ, 1961ರಾಗ ತೀರಿಕೊಂಡಾನ, ನಮ್ಮಪ್ಪ ಹುಟ್ಟೋದಕ್ಕ ಒಂದ್ ವರ್ಷ ಮೊದ್ಲ. ಸಣ್ಣಾಂವ ಇದ್ದಾಗಿಂದ ಮನ್ಯಾಗ ಕೇಳ್ಕೊಂತ ಬಂದಿದ್ದು ಒಂದ ಮಾತು, ಮುತ್ಯಾ ಮುಂಡರಗಿ ಕ್ಯಾಂಪಿನಾಗ ಬಂದೂಕು ಹಿಡದು ರಜಾಕಾರರ ಕೂಡ ಹೋರಾಡಿದ ಅಂತ. ಪ್ರತಿ ವರ್ಷ ಸೆಪ್ಟೆಂಬರ್ 17ಕ್ಕ ಊರ ಸಾಲಿಯಾಗ ಝಂಡಾ ಏರಿಸಿ ಬಂದು ನಮ್ಮಪ್ಪ ಅವನ ಫೋಟೋಕ್ಕ ಮಾಲಿ ಹಾಕ್ತಾನ.

ಹೋದ ತಿಂಗಳ ಊರಾಗ ಹಳೇ ಮಾಳಿಗಿ ಮನಿ ಬಿಚ್ಚಿಸಿದ್ವಿ. ಜಂತಿ ಕೆಳಗಿನ ಗೂಡಿನಾಗ ಒಂದು ಡಬ್ಬಿ ಇತ್ತು. ಅದರಾಗ ಅಂಗೈ ಅಗಲದ್ದು ಹಿತ್ತಾಳಿ ಬಿಲ್ಲಿ, ಮ್ಯಾಲೆ ಉರ್ದು ಅಕ್ಷರ, ಹಿಂದ ಪಟ್ಟಾಕ್ಕ ಸಿಗಸೋ ಎರಡು ಕೊಂಡಿ. ಜೊತಿಗೆ ಉರ್ದುವಿನಾಗ ಬರದ ಸಣ್ಣ ಚೀಟಿ, ನಾಕ್ ಮಡಿಕಿ ಆಗಿ ಮಡಿಕಿಯಾಗ ಹರದೈತಿ. ಇನ್ನೊಂದು ಇಂಗ್ಲಿಷ್ ಕಾಗದ, ನಮ್ಮ ಮುತ್ತಜ್ಜಿ ಸ್ವಾತಂತ್ರ್ಯ ಸೈನಿಕರ ಪಿಂಚಣಿಗೆ ಹಾಕಿದ ಅರ್ಜಿ, ಹೆಬ್ಬಟ್ಟು ಒತ್ಯಾಳ, ಅದು ವಾಪಸ್ ಬಂದೈತಿ.

ಕ್ಯಾಂಪಿನಾಗ ಇದ್ದ ಮನಶ್ಯಾನ ಹತ್ರ ನಿಜಾಮನ ಬಿಲ್ಲಿ ಯಾಕ ಇತ್ತು? ಅಪ್ಪಗ ತೋರಿಸಿದ್ರ ಕೈಯಾಗ ತಗೋಳಿಲ್ಲ, ಇದನ್ನ ಹೊರಗ ಯಾರಿಗೂ ಹೇಳಬ್ಯಾಡ ಅಂದ. ಆದ್ರ ನನಗ ನಿದ್ದಿ ಬರವಲ್ದು. ಫೋಟೋ ಹಾಕೀನಿ, ನಂಬರ್ ಕಾಣೋ ಹಂಗ ಹತ್ರದಿಂದ ತಗದೀನಿ. ಯಾರಾದ್ರೂ ಓದಿ ಹೇಳ್ರಿ, ಇಂಥದ್ದನ್ನ ಎಲ್ಲಿ ಹುಡಕ್ಬೇಕು ಅದನ್ನೂ ಹೇಳ್ರಿ.

ಕೋಟೆ ಕಲ್ಲು:
ತಮ್ಮಾ, ಮೊದಲ ಒಂದ್ ಮಾತು, ಆ ಬಿಲ್ಲೆಯನ್ನ ತಿಕ್ಕಬೇಡ, ಪಾಲಿಶ್ ಹಚ್ಚಬೇಡ, ಅಕ್ಷರದ ಸಂದಿಯೊಳಗ ಇರೋ ಹಸಿರು ಕಿಲುಬು ಹಂಗೇ ಇರಲಿ. ಚೀಟಿಯನ್ನ ಮತ್ತ ಮಡಚಬೇಡ, ಎರಡು ಬಿಳಿ ಹಾಳಿ ನಡುವ ಇಟ್ಟು ಮ್ಯಾಲೆ ಒಂದು ದಪ್ಪ ಪುಸ್ತಕ ಇಡು. ಟೇಪ್ ಅಂತೂ ಹಚ್ಚಲೇಬೇಡ.

ಎರಡನೇದು, ಮನೆತನದ ಕಥೆ ಸುಳ್ಳು ಅಂತ ಈಗಲೇ ತೀರ್ಮಾನ ಮಾಡಬೇಡ. ಮುಂಡರಗಿ ಕ್ಯಾಂಪು ಇದ್ದದ್ದು ಖರೆ, ಅಳವಂಡಿ ಶಿವಮೂರ್ತಿಸ್ವಾಮಿಗಳು ಅದರ ಮುಂದಾಳು, ಮುಂದ ಲೋಕಸಭಾ ಸದಸ್ಯರೂ ಆದರು. ಗಜೇಂದ್ರಗಡದ ಕ್ಯಾಂಪಿಗೆ ಪುಂಡಲೀಕಪ್ಪ ಜ್ಞಾನಮೋಠೆಯವರು. ಆವಾಗ ಮುಂಡರಗಿ, ಗಜೇಂದ್ರಗಡ ಎರಡೂ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯೊಳಗ, ನಮ್ಮ ಕೊಪ್ಪಳ ನಿಜಾಮನ ರಾಜ್ಯದೊಳಗ. ನಿಮ್ಮ ಊರಿಂದ ಒಂದು ರಾತ್ರಿ ನಡೆದರ ಬೇರೆ ಸರಕಾರ. ಅದಕ್ಕೇ ಇಲ್ಲಿಯ ಹುಡುಗರೆಲ್ಲ ಗಡಿ ದಾಟಿ ಹೋಗಿ ಅಲ್ಲಿ ಕ್ಯಾಂಪು ಕಟ್ಟಿದ್ರು.

ನಿಮ್ಮ ಮನೆತನದೊಳಗ 1948ರಾಗ ಎಂಟ್ಹತ್ತು ವರ್ಷದವರಿದ್ದವರು ಯಾರಾದರೂ ಬದುಕಿದ್ದಾರೇನು? ಇದ್ದರ ಕಾಗದ ಆಮೇಲೆ, ಮೊದಲ ಅಲ್ಲಿಗೆ ಹೋಗು. ಕಾಗದ ಇನ್ನೂ ಹತ್ತು ವರ್ಷ ಕಾಯ್ತದ.

ಗಂಗಾವತಿ ಸೋನಾ:
ನಮ್ಮ ಕಡೆ ಪ್ರತಿ ಮನ್ಯಾಗೂ ಇದ ಕಥಿ ಐತ್ರಿ, ಎಲ್ಲರ ಅಜ್ಜನೂ ಕ್ಯಾಂಪಿನಾಗ ಇದ್ದ ಅಂತಾರ. ನೀವು ಖರೇ ಏನೈತಿ ಅಂತ ಹುಡಕಾಕ ಹೊಂಟೀರಲ್ಲ, ಅದು ಛಲೋ ಕೆಲಸ. ಫಾಲೋ ಮಾಡ್ತೀನಿ.

ನವರಂಗಿ ದರ್ವಾಜಾ:
ಅಸ್ಸಲಾಮು ಅಲೈಕುಂ, ನಾನು ರಾಯಚೂರಿಂದ. ನಮ್ಮ ನಾನಿ ಉರ್ದು ಮೀಡಿಯಂ ಓದಿದವರು, ನನಗೂ ಓದಾಕ ಬರ್ತದ. ನಿಮ್ಮ ಫೋಟೋದಾಗ ನಂಬರ್ 871 ಕಾಣ್ತದ, ಆದ್ರ ಬರೀ ನಂಬರ್ ಅಷ್ಟೇ ತೆಗದೀರಿ, ಸುತ್ತ ಅಕ್ಷರ ಇಲ್ಲ. ಪೂರ್ತಿ ಬಿಲ್ಲೆ ಕಾಣೋ ಹಂಗ ಹಾಕ್ರಿ. ಬಿಸಿಲಿಗೆ ಹಿಡೀಬ್ಯಾಡ್ರಿ ಮಿಂಚ್ತದ, ಕಿಟಕಿ ಹತ್ರ ಅಡ್ಡ ಬೆಳಕಿಗೆ ಇಟ್ಟು ತೆಗೀರಿ, ಆಗ ಒತ್ತಿದ ಅಕ್ಷರದ ನೆರಳು ಬೀಳ್ತದ.

ಅಳವಂಡಿ ರೋಡ್:
ಅಕ್ಕಾರ, ಹಾಕೀನಿ ನೋಡ್ರಿ. ಬಿಲ್ಲಿ ಪೂರ್ತಿ, ಹಿಂದ ಮುಂದ ಎರಡೂ. ಚೀಟಿದೂ ಹಾಕೀನಿ.

ಕೋಟೆ ಕಲ್ಲು ಮಾಸ್ತರ್ರ, ನೀವು ಹೇಳಿದ ಮ್ಯಾಲೆ ಹೊಳೀತು, ನಮ್ಮಜ್ಜನ ಅಕ್ಕ ಅದಾಳ ಕುಕನೂರಾಗ, ದೊಡ್ಡಜ್ಜಿ ಅಂತೀವಿ. 1936ರಾಗ ಹುಟ್ಯಾಳ ಅಂತಾರ. ಮದುವಿ ಮುಂಜಿಗೆ ಕಂಡ್ರ ಕಾಲ್ ಬಿದ್ದು ಬರ್ತಿದ್ವಿ ಅಷ್ಟ, ಇದನ್ನ ಯಾರೂ ಕೇಳಿಲ್ಲ. ಬರೋ ಐತವಾರ ಹೋಗ್ತೀನಿ.

ನವರಂಗಿ ದರ್ವಾಜಾ:
ಮೊದಲ ನನ್ನ ತಪ್ಪು ಸರಿ ಮಾಡ್ತೀನಿ, ನಂಬರ್ 871 ಅಲ್ಲ, 187. ನೀವು ಬಿಲ್ಲೆ ತಲೆಕೆಳಗ ಹಿಡಿದು ಫೋಟೋ ತಗದಿದ್ರಿ. ಉರ್ದು ಅಂಕಿಯೊಳಗ ಏಳು ಅಂದ್ರ ಮೇಲೆ ಬಾಯಿ ತೆರೆದ ಗೂಟದ ಹಂಗ, ಎಂಟು ಅಂದ್ರ ಅದನ್ನೇ ಬೋರಲು ಹಾಕಿದಂಗ, ತಿರುಗಿಸಿದ್ರ ಏಳು ಎಂಟಾಗ್ತದ ಎಂಟು ಏಳಾಗ್ತದ, ಒಂದು ಒಂದೇ ಇರ್ತದ. ಈಗ ಅಕ್ಷರ ಕಂಡ ಮೇಲೆ ಗೊತ್ತಾತು.

ಮೇಲೆ ಅರ್ಧ ಚಂದ್ರದ ಹಂಗ ಬರೆದದ್ದು 'ಕರೋಡಗೀರಿ', ಕೆಳಗ 'ಸರ್ಕಾರ್-ಎ-ಆಲಿ'. ಸರ್ಕಾರ್-ಎ-ಆಲಿ ಅಂದ್ರ ನಿಜಾಮ್ ಸರಕಾರ. ಕರೋಡಗೀರಿ ಅಂದ್ರ ಸುಂಕದ ಇಲಾಖೆ. ಅಂದ್ರ ಇದು ಫೌಜಿಂದಲ್ಲ, ಗಡಿ ನಾಕಾದ ಸಿಪಾಯಿಗೆ ಕೊಟ್ಟ ಬಿಲ್ಲೆ.

ಚೀಟಿ ಪಗಾರದ ರಸೀದಿ. ಹೆಸರು ನಿಮಗಷ್ಟೇ ಮೆಸೇಜ್ ಮಾಡೀನಿ, ನಿಮ್ಮ ಮುತ್ಯಾಂದೇ ಏನು ನೋಡ್ರಿ. ತಿಂಗಳು ಬಹಮನ್, ಸನ್ 1357 ಫಸ್ಲಿ, ಫಸ್ಲಿ ಅಂದ್ರ ಕಂದಾಯದ ವರ್ಷ. ಹಾಲಿ ಸಿಕ್ಕಾ, ಅಂದ್ರ ನಿಜಾಮನ ರೊಕ್ಕ, ಅಂತ ಬರೆದದ್ದು ಸ್ಪಷ್ಟ ಅದ, ಎಷ್ಟು ರೂಪಾಯಿ ಅನ್ನೋದು ಮಡಿಕೆಯಾಗ ಹರಿದು ಹೋಗ್ಯದ.

ಅಳವಂಡಿ ರೋಡ್:
ಹೆಸರು ಅವಂದ ಐತ್ರಿ ಅಕ್ಕಾರ. ಕೈ ನಡುಗಾಕ ಹತ್ಯಾವ.

ಹಳೇ ಕಡತ:
ನಾನು ಕಂದಾಯ ಇಲಾಖೆಯಲ್ಲಿ ರೆಕಾರ್ಡ್ ರೂಮಿನಾಗ ಬಹಳ ವರ್ಷ ಕೆಲಸ ಮಾಡಿ ನಿವೃತ್ತ ಆದವನು. ಫಸ್ಲಿ ಲೆಕ್ಕ ಹೇಳ್ತೀನಿ, ಬಹಳ ಮಂದಿ ಇಲ್ಲೇ ಎಡವುತಾರ. ಫಸ್ಲಿ ಸಂಖ್ಯೆಗೆ 590 ಕೂಡಿಸಿದರ ಇಸವಿ ಬರ್ತದ, 1357 ಅಂದ್ರ 1947. ಆದರ ನಿಜಾಮನ ಫಸ್ಲಿ ವರ್ಷ ಅಕ್ಟೋಬರ್ ಮೊದಲನೇ ವಾರ ಶುರು, ಮೊದಲ ತಿಂಗಳು ಆಜೂರ್, ಆಮೇಲೆ ದೈ, ಮೂರನೇದು ಬಹಮನ್. ಹಂಗಾಗಿ ಬಹಮನ್ 1357 ಅಂದ್ರ ಹೆಚ್ಚು ಕಡಿಮೆ 1947ರ ಡಿಸೆಂಬರ್. ಅದೇ ತುಂಗಭದ್ರಾ ದಾಟಿ ಬಳ್ಳಾರಿ ಕಡೆ ಹೋದರ ಮದ್ರಾಸ್ ಸರಕಾರದ ಫಸ್ಲಿ, ಅದು ಜುಲೈ 1ಕ್ಕ ಶುರು. ಒಂದೇ ನಂಬರಿನ ಫಸ್ಲಿ ಹೊಳಿಯ ಈ ದಂಡಿಗೆ ಒಂದು, ಆ ದಂಡಿಗೆ ಒಂದು. ಯಾವ ದಂಡೆಯ ಕಾಗದ ಅಂತ ನೋಡದೆ ಇಸವಿ ಹಾಕಬೇಡಿ.

ಅಂದ್ರ ನಿಮ್ಮ ಮುತ್ಯಾ 1947ರ ಡಿಸೆಂಬರಿನಾಗ ಇನ್ನೂ ನಿಜಾಮನ ನೌಕರಿಯೊಳಗ ಇದ್ದ. ನವೆಂಬರ್ 29ಕ್ಕ ಭಾರತ ಸರಕಾರಕ್ಕೂ ನಿಜಾಮನಿಗೂ ಯಥಾಸ್ಥಿತಿ ಒಪ್ಪಂದ ಆಗಿತ್ತು, ಅದರ ಮರು ತಿಂಗಳ ಪಗಾರ ಇದು.

ಎಲ್ಲಿ ಹುಡುಕೋದು ಅಂದ್ರ, ನಿಜಾಮನ ಇಲಾಖೆಗಳ ಕಡತ ಹೈದರಾಬಾದಿನ ತಾರ್ನಾಕಾದಾಗ ಇರೋ ತೆಲಂಗಾಣ ರಾಜ್ಯ ಪತ್ರಾಗಾರದಾಗ ಸಿಗ್ತಾವ, ಹೆಚ್ಚಿನವು ಉರ್ದು, ಓದೋರನ್ನ ಜೊತೆಗೆ ಕರಕೊಂಡು ಹೋಗಬೇಕು. ಜಮೀನು ಇದ್ದರ ತಹಸೀಲ್ದಾರ್ ಕಚೇರಿಯಲ್ಲಿ 1954-55ರ ಖಾಸರಾ ಪಹಣಿ ನಕಲು ಕೇಳಿ, ಅದರಾಗ ಕಬ್ಜೇದಾರ ಯಾರು ಅಂತ ಇರ್ತದ, ಆ ಹೊತ್ತಿಗೆ ಅವರು ಊರಿಗೆ ವಾಪಸ್ ಬಂದು ಹೊಲ ಮಾಡ್ತಿದ್ದರೋ ಇಲ್ಲೋ ತಿಳೀತದ. ಇನ್ನೊಂದು, ಕೊಪ್ಪಳ ಯಲಬುರ್ಗಾ ಸೀಮೆ ಸಾಲಾರ್ ಜಂಗ್ ಜಾಗೀರು, ಜಾಗೀರು ರದ್ದಾದದ್ದು 1949ರ ಆಗಸ್ಟ್ 15ಕ್ಕ. ಅದಕ್ಕಿಂತ ಹಿಂದಿನ ಕಾಗದ ನೇರ ಸರಕಾರಿ ಕಡತದಾಗ ಸಿಗಲಿಲ್ಲ ಅಂದ್ರ ಗಾಬರಿ ಆಗಬೇಡಿ, ಜಾಗೀರಿನ ಕಡತ ಕೇಳಿ.

ಕಲ್ಯಾಣದ ಮಗ:
ಇದೆಲ್ಲಾ ಯಾಕ ಬೇಕ್ರಿ ಈಗ? ಒಬ್ಬ ಹೋರಾಟಗಾರನ ಹೆಸರಿಗೆ ಮಸಿ ಹಚ್ಚೋ ಕೆಲಸ ಇದು. ಆ ನಾಕಾದವರು ಬಡವರ ಬಂಡಿ ನಿಲ್ಲಿಸಿ ಸುಂಕದ ಹೆಸರಿನಾಗ ಎಷ್ಟು ಸುಲಿದಾರ ಅಂತ ನಮ್ಮಜ್ಜ ಹೇಳ್ತಿದ್ದ. ಕ್ಯಾಂಪಿನವರು ನಾಕಾ ಮ್ಯಾಲೆ ದಾಳಿ ಮಾಡಿದಾಗ ಬಿಲ್ಲಿ ಕಿತಗೊಂಡು ಬಂದಿರಬೇಕು ಅವರ ಮುತ್ಯಾ, ಅಷ್ಟ. ನಿಜಾಮನ ಚಾಕರಿ ಮಾಡಿದ ಅಂತ ಬರದು ಮನೆತನದ ಮರ್ಯಾದಿ ಕಳೀಬ್ಯಾಡ್ರಿ.

ಕೋಟೆ ಕಲ್ಲು:
ನಿಮ್ಮ ಸಿಟ್ಟು ನನಗ ಅರ್ಥ ಆಗ್ತದ, ನಮ್ಮ ಮನೆತನದವರೂ ಆ ವರ್ಷ ಮನೆ ಮಠ ಬಿಟ್ಟು ಓಡಿದವರೇ. ನೀವು ಹೇಳಿದ ಹಂಗ ಬಿಲ್ಲೆ ಕಿತ್ತುಕೊಂಡು ಬಂದಿರಬಹುದಿತ್ತು, ನಾನೂ ಮೊದಲ ಹಂಗೇ ತಿಳಿದಿದ್ದೆ. 1947ರಾಗ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಸತ್ಯಾಗ್ರಹ ಶುರುವಾದಾಗ ಶಿಂದಿ ಗಿಡ ಕಡಿಯೋದು, ಸುಂಕದ ನಾಕಾ ಒಡೆಯೋದು ಅದರ ಕಾರ್ಯಕ್ರಮನೇ ಇತ್ತು, ನಿಜಾಮನ ಬೊಕ್ಕಸಕ್ಕ ರೊಕ್ಕ ಬರೋದು ಅಲ್ಲಿಂದಲೇ ಅಂತ. ಕ್ಯಾಂಪು ಬಂದ ಮೇಲೆ ನಾಕಾ, ಠಾಣೆಗಳ ಮೇಲೆ ದಾಳಿಯೂ ಆದವು. ಆದರ ಪಗಾರದ ರಸೀದಿ ಅವರದೇ ಹೆಸರಿಂದು ಅದ. ಕಿತ್ತುಕೊಂಡು ಬಂದ ಬಿಲ್ಲೆಯ ಜೊತೆ ತನ್ನ ಹೆಸರಿನ ಪಗಾರ ಚೀಟಿ ಬರೋದಿಲ್ಲ.

ಹಳ್ಳಿಯಲ್ಲಿ ಎರಡು ಎಕರೆ ಎರಿ ಹೊಲ ಇದ್ದು ಮಳೆ ಕೈಕೊಟ್ಟರ ಮನುಷ್ಯ ಸಿಕ್ಕ ನೌಕರಿ ಹಿಡೀತಾನ. ನಿಜಾಮನ ಪೊಲೀಸಿನಾಗ, ಸುಂಕದಾಗ, ಫೌಜಿನಾಗ ಎಲ್ಲಾ ಜಾತಿ ಧರ್ಮದವರೂ ಇದ್ದರು. ರಜಾಕಾರರು ಅಂದ್ರ ಬೇರೆ, ಅವರು ಕಾಸಿಂ ರಜ್ವಿಯ ಖಾಸಗಿ ಪಡೆ. ನಿಜಾಮನ ಸೈನ್ಯ ಬೇರೆ, ಅದರ ಸೇನಾಪತಿ ಎಲ್ ಎಡ್ರೂಸ್. ಸರಕಾರಿ ಸಿಪಾಯಿ ಮೂರನೇ ನಮೂನೆ. ಈ ಮೂರನ್ನೂ ಒಂದೇ ಅಂತ ತಿಳಿದರ ಯಾರ ಮನೆತನದ ಚರಿತ್ರೆಯೂ ನಮಗ ಸಿಗೋದಿಲ್ಲ.

ನವರಂಗಿ ದರ್ವಾಜಾ:
ಮಾಸ್ತರ್ ಹೇಳಿದ್ದಕ್ಕ ನನ್ನ ಮನೆತನದ್ದು ಒಂದು ಸೇರಿಸ್ತೀನಿ, ಇದನ್ನ ಹೊರಗ ಎಂದೂ ಬರೆದಿಲ್ಲ.

ನಮ್ಮ ನಾನಿಯ ಅಬ್ಬಾ ನಿಜಾಮನ ಫೌಜಿನಾಗ ಸಿಪಾಯಿ ಇದ್ದರು. ರಜಾಕಾರ ಅಲ್ಲ, ಪಗಾರದ ಸಿಪಾಯಿ. 1948ರ ಸೆಪ್ಟೆಂಬರ್ 13ಕ್ಕ ಭಾರತದ ಸೈನ್ಯ ಒಳಗ ಬಂತು, 17ಕ್ಕ ನಿಜಾಮ್ ಕದನ ನಿಲ್ಲಿಸಿದ್ರು, 18ಕ್ಕ ಎಡ್ರೂಸ್ ಅವರು ಜನರಲ್ ಚೌಧುರಿಯವರ ಮುಂದ ಶರಣಾದ್ರು. ಐದೇ ದಿನ. ಅವರು ಬಂದೂಕು ಒಪ್ಪಿಸಿ ನಡಕೊಂತ ರಾಯಚೂರಿಗೆ ಬಂದ್ರಂತ, ಹಗಲು ಜೋಳದ ಹೊಲದಾಗ ಮಲಗಿ ರಾತ್ರಿ ನಡೆದು. ಮನೆ ಮುಟ್ಟಿದ ರಾತ್ರಿನೇ ನಾನಿಯ ಅಮ್ಮಾ ಅವರ ವರ್ದಿ ಒಲಿಗೆ ಹಾಕಿಬಿಟ್ಟರು. ಗುಂಡಿ ಮಾತ್ರ ಸುಡಲಿಲ್ಲ, ಬೂದಿಯೊಳಗ ಉಳಿದವು, ನಾನಿ ಆಗ ಆರು ವರ್ಷದ ಹುಡುಗಿ, ಅವನ್ನ ಆರಿಸಿಕೊಂಡು ಆಟ ಆಡಿದ್ದು ನೆನಪದ ಅಂತಾರ. ಅವರಿಗೆ ಆಮೇಲೆ ಸೈನ್ಯದ ನೌಕರಿ ಸಿಗಲಿಲ್ಲ, ಬೀಡಿ ಕಟ್ಟಿ ಜೀವನ ಮಾಡಿದ್ರು.

ಭಾರತದ ಸೈನ್ಯ ಬಂದ ಆ ಪೊಲೀಸ್ ಆಕ್ಷನ್ ಆದ ಮೇಲೆ ಏನಾತು ಅನ್ನೋದೂ ಈ ಲೆಕ್ಕದಾಗ ಬರಬೇಕು. ಪಂಡಿತ್ ಸುಂದರಲಾಲ್ ಸಮಿತಿಯನ್ನ ಸರಕಾರನೇ ಕಳಿಸಿತ್ತು, 1948ರ ಕೊನೆಗೆ ಅವರು ಊರೂರು ತಿರುಗಿ 27,000ದಿಂದ 40,000 ಮಂದಿ ಸತ್ತಿರಬೇಕು ಅಂತ ಅಂದಾಜು ಮಾಡಿದ್ರು, ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಎಲ್ಲಕ್ಕಿಂತ ಹೆಚ್ಚು. ಆ ವರದಿ ದಶಕಗಟ್ಟಲೆ ಹೊರಗ ಬರಲಿಲ್ಲ. ರಜಾಕಾರರು ಮಾಡಿದ್ದನ್ನ ನಾನು ಒಂದಿಷ್ಟೂ ಮುಚ್ಚೋದಿಲ್ಲ, ನಮ್ಮ ನಾನಿಯೂ ಮುಚ್ಚೋದಿಲ್ಲ. ಆದ್ರ ನಮ್ಮ ಮನ್ಯಾಗ ಸೆಪ್ಟೆಂಬರ್ ಬಂದ್ರ ಹಿರಿಯರು ಮಾತೇ ಕಡಿಮೆ ಮಾಡ್ತಿದ್ರು, ಯಾಕ ಅಂತ ನನಗ ತಿಳಿಯಾಕ ಮೂವತ್ತು ವರ್ಷ ಬೇಕಾತು.

ಕಂಪ್ಲಿ ಹರಿಗೋಲು:
ಅಕ್ಕ, ಓದಿ ಸುಮ್ನೆ ಕೂತ್ಕೊಂಡೆ ಸ್ವಲ್ಪ ಹೊತ್ತು.

ನಮ್ದು ಹೊಳೆಯ ಈ ಕಡೆ, ಬಳ್ಳಾರಿ ಜಿಲ್ಲೆ, ಆಗ ಮದ್ರಾಸ್ ಪ್ರಾಂತ್ಯ. ಆನೆಗುಂದಿ, ಗಂಗಾವತಿ ಸೀಮೆಯಿಂದ ರಾತ್ರೋರಾತ್ರಿ ಹರಿಗೋಲು ಹತ್ತಿ ಜನ ಬರ್ತಿದ್ರಂತೆ, ನಮ್ ತಾತ ಅಂಬಿಗರ ಜೊತೆ ಹೊಳೆ ದಂಡೆಗೆ ಹೋಗಿ ಕಾಯ್ತಿದ್ದ. ಆಗ ಡ್ಯಾಂ ಇನ್ನೂ ಆಗಿರ್ಲಿಲ್ಲ, 1945ರಲ್ಲಿ ಅಡಿಗಲ್ಲು ಹಾಕಿದ್ರು ಅಷ್ಟೇ, ಮಳೆಗಾಲದ ಹೊಳೆ ಅಂದ್ರೆ ಹೊಳೆನೇ. ಮಕ್ಕಳು ಅಳಬಾರ್ದು ಅಂತ ಬಾಯಿಗೆ ಬೆಲ್ಲದ ಚೂರು ಇಡ್ತಿದ್ರು ಅಂತ ನಮ್ ಅಜ್ಜಿ ಹೇಳಿದ್ದು ನಂಗೆ ಇನ್ನೂ ಕಿವೀಲಿ ಐತೆ. ಬಂದೋರಲ್ಲಿ ಎಷ್ಟೋ ಜನರಿಗೆ ಹಾಲಿ ರೊಕ್ಕ ಇಲ್ಲಿ ನಡೆಯೋದಿಲ್ಲ ಅಂತ ಗೊತ್ತಿರ್ಲಿಲ್ಲ. ಏಳು ರೂಪಾಯಿ ಹಾಲಿಗೆ ಆರು ರೂಪಾಯಿ ಕಲ್ದಾರ್ (ಬ್ರಿಟಿಷ್ ರೂಪಾಯಿ) ಅನ್ನೋದು ಸರ್ಕಾರಿ ಲೆಕ್ಕ, ಓಡಿ ಬಂದವನಿಗೆ ಯಾರು ಆ ಲೆಕ್ಕದಲ್ಲಿ ಕೊಡ್ತಾರೆ, ಸಿಕ್ಕಷ್ಟು ತಗೊಂಡು ಜೋಳ ಕೊಂಡ್ಕೊಳ್ತಿದ್ರು.

ಅಳವಂಡಿ ಅಣ್ಣ, ಒಂದು ಮಾತು. ಮುಳುಗಡೆ ಊರುಗಳ ಮನೆತನ ಆಗಿದ್ರೆ ಇನ್ನೊಂದು ದಾಖಲೆ ಐತೆ, ಡ್ಯಾಮಿಗೆ ಭೂಮಿ ತಗೊಂಡಾಗ ಪರಿಹಾರದ ಅವಾರ್ಡ್ ಪಟ್ಟಿಗಳಲ್ಲಿ ಖಾತೇದಾರರ ಹೆಸರು ಇರುತ್ತೆ. ನಿಮ್ದು ಮುಳುಗಡೆ ಅಲ್ಲ ಅನ್ಸುತ್ತೆ, ಓದೋ ಬೇರೆಯವ್ರಿಗೆ ಉಪಯೋಗ ಆಗ್ಲಿ ಅಂತ ಬರ್ದೆ.

ಗಂಗಾವತಿ ಸೋನಾ:
ಮಾಸ್ತರ್ರ ನಡುವ ಒಂದು ಕೇಳ್ತೀನಿ, ನಮ್ಮ ಸ್ವಾದರಮಾವನ ಮನೆತನದವರು ತಮ್ಮ ಹಿರಿಯರು ಮುಂಡರಗಿ ಭೀಮರಾಯನ ದಂಡಿನಾಗ ಇದ್ದರು ಅಂತಾರ, ಅದನ್ನೂ ಹಿಂಗ ಹುಡಕಾಕ ಬರ್ತದೇನು?

ಕೋಟೆ ಕಲ್ಲು:
ಅದು 1858. ಭೀಮರಾಯ, ಹಮ್ಮಿಗಿ ಕೆಂಚನಗೌಡ ಇಬ್ಬರೂ ಕೊಪ್ಪಳದ ಕೋಟೆಯೊಳಗ ಹೋರಾಡಿ ಸತ್ತರು, ನಾನು ದಿನಾ ವಾಕಿಂಗ್ ಹೋಗೋದು ಅದೇ ಗುಡ್ಡದ ಬುಡಕ್ಕ. ಅಲ್ಲಿ ಸತ್ತ ಸಾಮಾನ್ಯ ಮಂದಿಯ ಹೆಸರು ಸಿಗೋದು ಬಹಳ ಕಷ್ಟ. ಬೇರೆ ಥ್ರೆಡ್ ಶುರು ಮಾಡು, ಅಲ್ಲಿ ಬರೀತೀನಿ, ಇಲ್ಲಿ ಈ ಹುಡುಗನ ಎಳೆ ತಪ್ಪೋದು ಬೇಡ.

ಅಳವಂಡಿ ರೋಡ್:
ಕುಕನೂರಿಗೆ ಹೋಗಿ ಬಂದೆ. ಉದ್ದ ಆಗ್ತೈತಿ, ಮನ್ನಿಸ್ರಿ, ನೆನಪಿದ್ದಾಗ ಎಲ್ಲಾ ಬರದು ಬಿಡ್ತೀನಿ, ಫೋನಿನಾಗ ರೆಕಾರ್ಡೂ ಮಾಡ್ಕೊಂಡೀನಿ ದೊಡ್ಡಜ್ಜಿನ್ನ ಕೇಳೇ.

ಕಟ್ಟಿ ಮ್ಯಾಲೆ ಕುಂತು ಪುಂಡಿಪಲ್ಲೆ ಸೋಸಾಕ ಹತ್ತಿದ್ಲು. ಕಣ್ಣು ಮಂಜು, ಕಿವಿ ಚುರುಕದಾವ. ನಾನು ಏನೂ ಹೇಳದ ಬಿಲ್ಲಿ ಅಕಿ ಕೈಯಾಗ ಇಟ್ಟೆ. ಪಲ್ಲೆ ಪುಟ್ಟಿ ಸರಿಸಿ, ಹೆಬ್ಬಟ್ಟಿಲೆ ಅಕ್ಷರದ ಮ್ಯಾಲೆ ಎರಡು ಸಲ ತಿಕ್ಕಿ, "ಹುಣಸಿಹಣ್ಣು ಹಚ್ಚಿಲ್ಲೇನೋ ಈ ಸಲ" ಅಂದ್ಲು. ಯಾಕವಾ ಅಂದೆ. ನಮ್ಮಪ್ಪ ಇರೋತನಕ ಪ್ರತಿ ಮಹಾನವಮಿಗೆ ಕುಡಗೋಲು, ಕುರ್ಚಿಗಿ ತೊಳೆದಾಗ ಇದನ್ನೂ ಹುಣಸಿಹಣ್ಣು ಹಚ್ಚಿ ತೊಳೆದು ಸಾಲಿನಾಗ ಇಡತಿದ್ದ ಅಂದ್ಲು. ಕುರ್ಚಿಗಿ ಪಕ್ಕಕ್ಕ ನಿಜಾಮನ ಬಿಲ್ಲಿ. ನಮ್ಮ ಮನ್ಯಾಗ ಇದು ಯಾರಿಗೂ ಗೊತ್ತಿಲ್ಲ.

ಮುತ್ಯಾ ನಾಕಾದಾಗ ಸಿಪಾಯಿ ಇದ್ದಿದ್ದು ಖರೆ. ಬರ ಬಿದ್ದು ಎತ್ತು ಮಾರಿದ ಮ್ಯಾಲೆ ಸೇರಿದ್ನಂತ. ಬಂಡಿ ನಿಂದ್ರಸೋದು, ಚೀಲ ಬಿಚ್ಚಿಸಿ ನೋಡೋದು, ಚೀಟಿ ಕೊಡೋದು. ಕಲ್ಯಾಣದ ಮಗ ಅಣ್ಣಾರು ಹೇಳಿದ್ದು ಸುಳ್ಳಲ್ಲ, ಊರ ಮಂದಿಗೆ ಅವನ ಮ್ಯಾಲೆ ಸಿಟ್ಟು ಇತ್ತು, ಬಾವಿಗೆ ಹೋದ್ರ ನಮ್ಮವ್ವನ ಕೂಡ ಒಬ್ಬರೂ ಮಾತಾಡತಿದ್ದಿಲ್ಲ, ಕೊಡ ತುಂಬಿಸ್ಕೊಂಡು ತಲಿ ತಗ್ಗಿಸಿ ಬರ್ತಿದ್ಲು ಅಂತ ದೊಡ್ಡಜ್ಜಿನ ಹೇಳಿದ್ಲು. ನಾಕಾದಾಗ ಇನ್ನೊಬ್ಬಾಂವ ಇದ್ದ, ಮುಸಲ್ಮಾನ, ರಾಯಚೂರಾಂವ. ಹೆಸರು ನೆನಪಿಲ್ಲ, ಚಾಚಾ ಅಂತಿದ್ದೆ ಅಂದ್ಲು. ರಜಾಕ್ಕ ಊರಿಗೆ ಹೋಗಿ ಬಂದ್ರ ಅಕಿಗೆ ತಿನ್ನಾಕ ಏನರ ತಂದು ಕೊಡತಿದ್ನಂತ. ಮುತ್ಯಾಗ ಉರ್ದು ಅಂಕಿ ಕಲಿಸಿದಾಂವ ಅವನ.

ಜ್ವಾಳದ ಸುಗ್ಗಿ ಮುಗದು ಹಗೇವು ತುಂಬಿದ್ವಿ, ಆವಾಗ ಒಂದ್ ರಾತ್ರಿ ಕ್ಯಾಂಪಿನ ಮಂದಿ ನಾಕಾಕ್ಕ ಬಂದ್ರು ಅಂದ್ಲು. ಅಂದ್ರ 1948ರ ಬ್ಯಾಸಗಿ ಶುರುವಿಗೆ, ಹಳೇ ಕಡತ ಸರ್ ಹೇಳಿದ ರಸೀದಿ ತಾರೀಖಿಗೆ ಹೊಂದತೈತಿ. ನಾಕಾ ಸುಟ್ರು. ಮುತ್ಯಾ ನಸಿಕಿನ್ಯಾಗ ಬರಿಗಾಲಿಲೆ ಮನಿಗೆ ಬಂದ, ಭುಜ ಸುಟ್ಟಿತ್ತು. ಏನೂ ಮಾತಾಡಲಿಲ್ಲ. ಹಗೇವಿನ ಬಾಯಿ ಕಲ್ಲು ಸರಿಸಿ ಬಿಲ್ಲಿನ್ನ ಜ್ವಾಳದಾಗ ಹುಗದು ಮತ್ತ ಕಲ್ಲು ಮುಚ್ಚಿ ಸಾರಿಸಿದ. ಮರುದಿನ ಊರ ಹುಡುಗರು ಬಂದು ನಿಜಾಮನ ನಾಯಿ ಅಂತ ಬೈದು ಹೋದ್ರು. ಅದರ ಮರುದಿನ ರಜಾಕಾರರು ಬಂದು ನೀನ ಒಳಗಿಂದ ಅಗಳಿ ತಗದೀಯಂತಲ್ಲ ಅಂತ ಕೇಳಿ ಹೊಡದ್ರು. ದೊಡ್ಡಜ್ಜಿ ಹೇಳಿದ್ದನ್ನ ಹೇಳಿದಂಗ ಬರೀತೀನಿ, "ಎರಡೂ ಕಡಿಯವ್ರು ಬಾಗಿಲಾ ಬಡದ್ರು, ಎರಡೂ ಸಲ ನಮ್ಮವ್ವನ ಎದ್ದು ಬಾಗಿಲಾ ತಗದ್ಲು."

ಅಗಳಿ ತಗದಿದ್ದು ಖರೇನ ಏನು ಅಂತ ಕೇಳಿದೆ. ನಾನೂ ಒಮ್ಮಿ ಕೇಳೀನಿ, ಅಂವ ಎದ್ದು ಹೊಲಕ್ಕ ಹೋದ ಅಂದ್ಲು.

ಮೂರನೇ ರಾತ್ರಿ ಮನಿ ಬಿಟ್ರು. ಎರಡು ಹುಡುಗರು, ಒಂದು ಗಂಟು, ಒಂದು ಆಕಳಾ. ಮುಂಡರಗಿ ಮುಟ್ಟಿದ ಮ್ಯಾಲೆ ಕ್ಯಾಂಪಿನಾಗ ಮೊದ್ಲ ಅವನ್ನ ಯಾರೂ ನಂಬಲಿಲ್ಲ, ಕಟಗಿ ಒಡಿಯೋದು, ರೊಟ್ಟಿ ಹಂಚೋದು ಇಷ್ಟ ಕೊಟ್ಟಿದ್ರು. ಆಮ್ಯಾಲೆ ಇವಗ ಬಂದೂಕು ತುಂಬಾಕ, ಬಿಚ್ಚಿ ಒರಸಾಕ ಬರ್ತೈತಿ ಅಂತ ತಿಳದು ಹೊಸಾ ಹುಡುಗರಿಗೆ ಕಲಸಾಕ ಹಚ್ಚಿದ್ರು. ರಾತ್ರಿ ಅವರ ಕೂಡ ಹೊರಗ ಹೋಗಿದ್ದೂ ಐತಿ. ಎಲ್ಲಿಗೆ ಹೋದ ಏನ್ ಮಾಡಿದ ನನಗ ಹೇಳಿಲ್ಲ, ಅಂವ ಹೋದ ರಾತ್ರಿ ನಮ್ಮವ್ವ ದೀಪ ಆರಸ್ತಿದ್ದಿಲ್ಲ, ಅಷ್ಟ ನನಗ ಗೊತ್ತು ಅಂದ್ಲು.

ಚಾಚಾನ ಸುದ್ದಿ ಕೇಳಿದಾಗ ಪಲ್ಲೆ ಪುಟ್ಟಿ ಮತ್ತ ಹತ್ರ ಎಳಕೊಂಡ್ಲು. ನಾಕಾ ಸುಟ್ಟ ರಾತ್ರಿ ಅಂವ ಒಳಗಿದ್ನೋ ಹೊರಗಿದ್ನೋ ಮುತ್ಯಾ ಎಂದೂ ಬಾಯಿ ಬಿಡಲಿಲ್ಲ. ಆದ್ರ ಆಮ್ಯಾಲೆ ಎತ್ತು ಕೊಳ್ಳಾಕ ಅಂತಲೋ ಏನರ ಕೆಲಸಕ್ಕಂತಲೋ ರಾಯಚೂರಿಗೆ ಹೋದಾಗೊಮ್ಮಿ ಕೋಟಿ ಹತ್ರದ ಓಣಿಯಾಗ ಅವನ್ನ ಕೇಳ್ಕೊಂತ ತಿರಗತಿದ್ನಂತ. ಬಂದು ಉಣ್ಣದ ಮಲಗತಿದ್ದ. ಸಾಯೋ ಹಿಂದಿನ ವರ್ಷನೂ ಹೋಗಿದ್ದ.

ಕಲ್ಯಾಣದ ಮಗ:
ಅಣ್ಣಾ, ನಾನು ಮೊದ್ಲ ಬರದಿದ್ದಕ್ಕ ಬ್ಯಾಸರ ಮಾಡ್ಕೋಬ್ಯಾಡ. ನಮ್ಮಜ್ಜನ ತಮ್ಮ ರಜಾಕಾರರ ಕೈಯಾಗ ಸತ್ತಾನ, ಅದಕ್ಕ ಆ ಬಿಲ್ಲಿ ಮಾತು ಕೇಳಿದ ಕೂಡಲೇ ಹಂಗ ಬಂತು. ರೆಕಾರ್ಡಿಂಗ್ ಎರಡು ಮೂರು ಕಡೆ ಕಾಪಿ ಇಡ್ರಿ, ಫೋನ್ ಕೆಟ್ರ ಹೋಗ್ತದ.

ಹಳೇ ಕಡತ:
ನಿಮ್ಮ ಮುತ್ತಜ್ಜಿಯ ಅರ್ಜಿ ಯಾಕ ವಾಪಸ್ ಬಂತು ಅನ್ನೋದು ಈಗ ತಿಳೀತದ. 1972ರ ಪಿಂಚಣಿ ಯೋಜನೆಗೆ, ಆಮೇಲೆ 1980ರದಕ್ಕೂ, ಇಂತಿಷ್ಟು ತಿಂಗಳು ಜೈಲು ಇಲ್ಲಾ ಭೂಗತ ಅನ್ನೋದಕ್ಕ ದಾಖಲೆ ಬೇಕಿತ್ತು, ಇಲ್ಲಾ ಜೊತೆಗಿದ್ದವರದು ಸರ್ಟಿಫಿಕೇಟು. ಗಂಡ ಸತ್ತು ಹತ್ತು ವರ್ಷ ಆದ ಮೇಲೆ ಹೆಬ್ಬಟ್ಟಿನ ಹೆಣ್ಣುಮಗಳು, ಅದೂ ನಾಕಾ ಸಿಪಾಯಿಯ ಹೆಂಡತಿ, ಯಾರ ಮನೆ ಬಾಗಿಲಿಗೆ ಹೋಗಿ ಸರ್ಟಿಫಿಕೇಟು ಕೇಳಬೇಕು? ಇಂಥ ಅರ್ಜಿ ನನ್ನ ಕೈ ಮೇಲೆ ಬಹಳ ಹೋಗ್ಯಾವ, ಈಗ ನೆನೆಸಿಕೊಂಡರ ಸಂಕಟ ಆಗ್ತದ. ನಿಮ್ಮ ಊರವರು ಬೇರೆ ಯಾರಾದರೂ ಪಿಂಚಣಿ ಪಡೆದಿದ್ದರ ಅವರ ಅರ್ಜಿಯೊಳಗ ಜೊತೆಗಾರರ ಹೆಸರು ಬರೆದಿರ್ತಾರ, ಆ ಮನೆತನದವರನ್ನ ಕೇಳಿ ನಕಲು ನೋಡಿ. ಅಲ್ಲಿ ನಿಮ್ಮ ಮುತ್ಯಾನ ಹೆಸರು ಸಿಗಬಹುದು.

ಕೋಟೆ ಕಲ್ಲು:
ಮತ್ತ ಹೆಳವರನ್ನ ಕೇಳಿದಿ ಏನು? ನಿಮ್ಮ ಮನೆತನದ ಹೆಳವರು ಈಗಲೂ ಬರ್ತಾರಲ್ಲ? ಮೊದಲ ಎತ್ತಿನ ಮೇಲೆ ಬರ್ತಿದ್ದರು, ಈಗ ಟೆಂಪೋದಾಗ ಬರ್ತಾರ, ವಂಶಾವಳಿಯ ಹೊತ್ತಿಗೆ ಮಾತ್ರ ಅದೇ. ಯಾರ ಮಗ ಯಾರು ಅಂತ ಹತ್ತು ತಲೆಮಾರು ಓದ್ತಾರ, ಯಾವ ತಲೆಮಾರಿನವ ಊರು ಬಿಟ್ಟ, ಯಾವಾಗ ತಿರುಗಿ ಬಂದ ಅನ್ನೋದನ್ನೂ ಕೆಲವರು ಬರೆದಿಟ್ಟಿರ್ತಾರ.

ಅಳವಂಡಿ ರೋಡ್:
ಮಾಸ್ತರ್ರ, ನಮ್ಮ ಕಾಕಾನ ಹತ್ರ ಹೆಳವರ ಫೋನ್ ನಂಬರ್ ಇತ್ತು, ನಿನ್ನಿ ಮಾತಾಡಿದ್ವಿ. ಸ್ಪೀಕರ್ ಹಾಕಿ ಎಲ್ಲಾರೂ ಕೇಳಿದ್ವಿ. ಮುತ್ಯಾನ ಹೆಸರು ಬಂದ ಕೂಡಲೇ ಓದಿದ, "ಬಿಲ್ಲಿ ಸಿಪಾಯಿ, ಗದ್ದಲದಾಗ ಪರಊರು ಸೇರಿ ತಿರುಗಿ ಬಂದಾಂವ, ಮಕ್ಕಳು ಎರಡು." ಅಷ್ಟ ಐತಿ. ಹೋರಾಟಗಾರ ಅಂತ ಇಲ್ಲ, ನಿಜಾಮನ ಮನಶ್ಯಾ ಅಂತನೂ ಇಲ್ಲ. ಮಕ್ಕಳು ಎರಡು ಅಂತ ದೊಡ್ಡಜ್ಜಿನ್ನೂ ಲೆಕ್ಕಕ್ಕ ಹಿಡದಾರ ಅಂತ ಅಕಿಗೆ ಫೋನ್ ಮಾಡಿ ಹೇಳಿದೆ, ಬಾಳ ಖುಷಿ ಆದ್ಲು.

ಅಪ್ಪಗ ದೊಡ್ಡಜ್ಜಿ ರೆಕಾರ್ಡಿಂಗ್ ಹಚ್ಚಿ ಕೊಟ್ಟು ನಾನು ಹೊರಗ ಹೋಗಿ ನಿಂತೆ. ನಲವತ್ತು ನಿಮಿಷದ್ದು, ಪೂರ್ತಿ ಕೇಳ್ಯಾನ. ರಾತ್ರಿ ಊಟಕ್ಕ ಕುಂತಾಗ, ಮಹಾನವಮಿಗೆ ಹುಣಸಿಹಣ್ಣು ನೆನಿ ಹಾಕ್ರಿ ಅಂತ ನಮ್ಮವ್ವಗ ಹೇಳಿದ. ಮಾಸ್ತರ್ರ, ತೊಳಿಬ್ಯಾಡ ಅಂದಿದ್ರಿ ನೀವು. ಇದೊಂದಕ್ಕ ನಿಮ್ಮ ಮಾತು ಮೀರತೀನಿ.

ಕೋಟೆ ಕಲ್ಲು:
ಮೀರಪ್ಪ. ಮೊದಲ ಫೋಟೋ ತಗದೀಯಲ್ಲ, ಸಾಕು.

ಅಳವಂಡಿ ರೋಡ್:
ನವರಂಗಿ ಅಕ್ಕಾರ, ನಿಮಗ ಒಂದು ಕೇಳಬೇಕಾಗೈತಿ, ಎರಡು ದಿನದಿಂದ ಹೆಂಗ ಕೇಳ್ಲಿ ಅಂತ ಸುಮ್ಮನಿದ್ದೆ. ಆ ಚಾಚಾನ ಮನೆತನದವರು ರಾಯಚೂರಾಗ ಇದ್ದರ ಹುಡಕಬೇಕು ಅಂತ ಮನಸೈತಿ. ನಮ್ಮ ಮುತ್ಯಾ ಹನ್ನೆರಡು ವರ್ಷ ತಿರುಗ್ಯಾಡಿ ಹುಡುಕಿದ್ದು ಅದನ್ನ. ಅವರ ಮನ್ಯಾಗೂ ಇಂಥದ್ದ ಒಂದು ಬಿಲ್ಲಿ ಇರಬಹುದು, 186ನೋ 188ನೋ. ಅಂವ ಆ ರಾತ್ರಿ ಉಳದ್ನೋ ಇಲ್ಲೋ ಅವರಿಗೆ ಗೊತ್ತಿರ್ತೈತಿ, ನಮ್ಮ ಮುತ್ಯಾ ಕೇಳ್ಕೊಂತ ಬಂದಿದ್ದ ಅನ್ನೋದು ಅವರಿಗೆ ಗೊತ್ತಿರಲಿಕ್ಕಿಲ್ಲ. ಅದನ್ನ ಹೇಳಬೇಕು.

ನವರಂಗಿ ದರ್ವಾಜಾ:
ಯಾಕ ಎರಡು ದಿನ ಸುಮ್ಮನಿದ್ರಿ, ಕೇಳೋದಲ್ಲ? ನಾನು ನೀವು ಬರೆದದ್ದನ್ನ ಅವತ್ತೇ ನಾನಿಗೆ ಓದಿ ಹೇಳೀನಿ. ಅವರು ಕೇಳಿ ಬಹಳ ಹೊತ್ತು ತಸ್ಬಿ ಹಿಡ್ಕೊಂಡು ಕೂತ್ರು. ಆಮೇಲೆ ಕೋಟೆ ಹಿಂದಿನ ಮೊಹಲ್ಲಾದಾಗ ಕರೋಡಗೀರಿಯೊಳಗ ನೌಕರಿ ಮಾಡಿದವರ ಮನೆ ಎರಡು ಇದ್ದವು ಅಂದ್ರು, ಒಂದು ಮನೆಯವರು ಹೈದರಾಬಾದಿಗೆ ಹೋಗ್ಯಾರ, ಇನ್ನೊಂದು ಮನೆ ಈಗಲೂ ಅದ, ಅವರ ಸೊಸೆ ನಾನಿಗಿಂತ ಸಣ್ಣಾಕಿ, ಜುಮ್ಮಾ ದಿನ ಸಿಗ್ತಾಳ ಅಂತ. ಈ ಶುಕ್ರವಾರ ನಾನೇ ನಾನಿನ್ನ ಆಟೋದಾಗ ಕರ್ಕೊಂಡು ಹೋಗ್ತೀನಿ. ಬಿಲ್ಲೆಯ ಫೋಟೋ ಪ್ರಿಂಟ್ ತೆಗೆಸೀನಿ.

ನೀವು ಒಂದು ಕೆಲಸ ಮಾಡ್ರಿ, ದೊಡ್ಡಜ್ಜಿಗೆ ಫೋನ್ ಹಚ್ಚಿ ಚಾಚಾ ಅವರಿಗೆ ತಿನ್ನಾಕ ಏನು ತರ್ತಿದ್ರು ಅಂತ ಕೇಳಿ ಬರೀರಿ. ಖಜೂರನೋ, ಬೆಲ್ಲನೋ, ರೇವಡಿನೋ. ಹೆಸರು ಗೊತ್ತಿಲ್ಲದವರ ಬಗ್ಗೆ ನಾನಿ ಇದನ್ನೇ ಮೊದಲ ಕೇಳ್ತಾರ, ಆ ಮನೆಯ ಸೊಸೆಯೂ ಇದನ್ನೇ ಕೇಳ್ತಾಳ ನೋಡ್ರಿ.

ಅಳವಂಡಿ ರೋಡ್:
ಕೇಳಿದೆ ಅಕ್ಕಾರ. ರೇವಡಿ. ಎಳ್ಳು ಹಚ್ಚಿದ್ದು, ಕಾಗದದ ಪೊಟ್ಟಣದಾಗ ಕಟ್ಟಿ ತನ್ನ ಟೋಪಿ ಒಳಗ ಇಟ್ಕೊಂಡು ಬರ್ತಿದ್ನಂತ.